ಬೈರಮಂಗಲದ ಹೂಳು ಗೊಬ್ಬರವಲ್ಲ

ಬೇಸಿಗೆ ಬಂತೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಾದರೊಂದು ಕಡೆ ಕೆರೆಯಂಗಳಕ್ಕೆ ಜೆಸಿಬಿ ಇಳಿಯುತ್ತದೆ. ಭೂಮಿಪೂಜೆ ಆಗುತ್ತದೆ, ಏರಿಯ ಮೇಲೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ಹೂಳು ಹೊಲ ಸೇರುತ್ತದೆ. ಇದನ್ನು ಬೇಡ ಎನ್ನುವವರು ಯಾರೂ ಸಿಗುವುದಿಲ್ಲ. ರೈತರಿಗೆ ಪುಕ್ಕಟೆ ಗೊಬ್ಬರ, ಗುತ್ತಿಗೆದಾರರಿಗೆ ಕೆಲಸ, ಪಂಚಾಯ್ತಿಗೆ ಹೆಸರು, ಪರಿಸರದ ಬಗ್ಗೆ ಕಾಳಜಿ ಇರುವವರಿಗೆ ಸಮಾಧಾನ. ಹೂಳೆತ್ತಿದರೆ ಕೆರೆ ಬದುಕಿತು ಎಂಬುದು ನಮ್ಮ ಕಡೆ ಪಕ್ಷಭೇದವಿಲ್ಲದೆ ಎಲ್ಲರೂ ಒಪ್ಪಿರುವ ಮಾತು. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಉಳಿದರ್ಧ ಬರೀ ತಪ್ಪಲ್ಲ, ಅಪಾಯದ್ದು ಎಂದು ವಾದಿಸುವುದಕ್ಕೇ ಈ ಬರಹ.

ಒಪ್ಪುವ ಭಾಗವನ್ನು ಮೊದಲು ಹೇಳಿಬಿಡುತ್ತೇನೆ. ಮಾಗಡಿ, ಕನಕಪುರದ ಕಡೆಯ ಮಳೆಯಾಶ್ರಿತ ಕೆರೆಗಳಿಗೆ ನೀರು ಬರುವುದು ಗುಡ್ಡದಿಂದ, ಕುರುಚಲು ಕಾಡಿನಿಂದ, ರಾಗಿ ಹೊಲದಿಂದ. ಈ ಸೀಮೆಯ ಬಂಡೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಬಂಡೆಗೂ ಉಳಿದುಕೊಂಡಿದೆ. ಆ ಕಲ್ಲು ಸವೆದು ಆದ ಕೆಂಪು ಮರಳುಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಮಳೆ ಬಂದಾಗ ಅದರಲ್ಲಿದ್ದ ನುಣ್ಣನೆಯ ಜೇಡಿಯೂ ಕೊಳೆತ ಎಲೆಯ ಸತ್ವವೂ ತೊಳೆದುಹೋಗಿ ಕೆರೆಯಲ್ಲಿ ತಂಗುತ್ತವೆ. ಹಿಂದಿನವರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಆ ಗೋಡುಮಣ್ಣನ್ನು ಮತ್ತೆ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲದಿಂದ ಹೋದದ್ದು ಹೊಲಕ್ಕೇ ಮರಳುತ್ತಿತ್ತು. ಗೋಡು ಬಿದ್ದ ಹೊಲದಲ್ಲಿ ಒಂದು ಮಳೆ ತಡವಾದರೂ ರಾಗಿ ಬಾಡದೆ ನಿಲ್ಲುತ್ತದೆ. ಇದರಲ್ಲಿ ತಕರಾರು ತೆಗೆಯುವುದಕ್ಕೆ ಏನೂ ಇಲ್ಲ.

ಆದರೆ ಈಗ ನಡೆಯುತ್ತಿರುವ ಹೂಳೆತ್ತುವಿಕೆ ಆ ಹಳೆಯ ಪದ್ಧತಿಯಲ್ಲ. ಗಾಡಿಯ ಕಾಲದಲ್ಲಿ ಒಂದು ಬೇಸಿಗೆಗೆ ಮೇಲಿನ ಗೇಣುದ್ದದ ಮಣ್ಣು ಹೋಗುತ್ತಿತ್ತು, ಅಂಗಳದ ಇಳಿಜಾರು ಹಾಗೇ ಉಳಿಯುತ್ತಿತ್ತು. ಯಂತ್ರ ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆಯುತ್ತದೆ. ಅಲ್ಲಿ ನಿಂತ ನೀರು ತನ್ನಷ್ಟಕ್ಕೆ ಕಾಲುವೆಗೆ ಬರುವುದಿಲ್ಲ, ಪಂಪು ಇಟ್ಟೇ ಎತ್ತಬೇಕು. ಸುತ್ತಲೂ ಕಡಿದಾದ ದಡ ಬಂದು, ನೀರು ಏರಿ ಇಳಿಯುವ ತೆಳುವಾದ ಅಂಚು ಮಾಯವಾಗುತ್ತದೆ. ಆ ಅಂಚಿನಲ್ಲೇ ಕೆರೆಯ ದೊಡ್ಡ ರಾಸಾಯನಿಕ ಕೆಲಸ ನಡೆಯುವುದು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಅಮೃತ ಸರೋವರ ಯೋಜನೆ ಪ್ರತಿ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟಿತು. ಅದರ ಅಳತೆ ಒಂದು ಎಕರೆ ವಿಸ್ತಾರ, ಸುಮಾರು 10,000 ಘನ ಮೀಟರ್ ನೀರು. ಕೆರೆಯನ್ನು ಹೀಗೆ ಘನ ಮೀಟರಿನಲ್ಲಿ ಅಳೆಯುವ ರೂಢಿ ಬಿದ್ದಮೇಲೆ ಹೂಳು ಎಂದರೆ ನೀರಿನ ಜಾಗ ಕಬಳಿಸಿದ ಕಸ, ಅಷ್ಟೇ. ಆ ಕಸದ ಒಳಗೆ ಏನಿದೆ ಎಂದು ಕೇಳುವ ಖಾನೆಯೇ ನಮೂನೆಯಲ್ಲಿಲ್ಲ.

ಏನಿದೆ ಎಂದು ಕೇಳಲೇಬೇಕಾದ ಕೆರೆ ಬೈರಮಂಗಲ. ಬಿಡದಿಯ ಪಕ್ಕದಲ್ಲಿ, ವೃಷಭಾವತಿ ನದಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ್ದು. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಭತ್ತದ ಅಚ್ಚುಕಟ್ಟು. ವೃಷಭಾವತಿ ಹುಟ್ಟುವುದು ಬೆಂಗಳೂರಿನ ಒಳಗೇ. ಗವಿಪುರದ ಕೆಂಪಾಂಬುಧಿ ಕೆರೆಯ ನೀರು ಇಳಿಯುವುದೂ ಇದೇ ಕಣಿವೆಗೆ. ಮಾಗಡಿಯಿಂದ ಆಳಿದ ಕೆಂಪೇಗೌಡರ ವಂಶದ ನೆನಪು ಹೊತ್ತ ಆ ಕೆರೆಯ ನೀರು ಇವತ್ತು ಮೈಸೂರು ರಸ್ತೆಯ ಮೋರಿಗಳ ಜೊತೆ ಸೇರಿ, ಕೆಂಗೇರಿ, ಕುಂಬಳಗೋಡು ದಾಟಿ ನಮ್ಮ ಜಿಲ್ಲೆಗೆ ಬರುತ್ತದೆ. ಪಶ್ಚಿಮ ಬೆಂಗಳೂರಿನ ಮನೆಗಳ ಕೊಳಚೆ, ಪೀಣ್ಯದ ಒಂದು ಭಾಗದ ಕಾರ್ಖಾನೆಗಳ ತ್ಯಾಜ್ಯ, ಹಾದಿಯುದ್ದಕ್ಕೂ ಇರುವ ಸಣ್ಣಪುಟ್ಟ ಲೋಹಲೇಪನದ ಘಟಕಗಳ, ಬಣ್ಣದ ಘಟಕಗಳ ನೀರು ಎಲ್ಲ ಅದರಲ್ಲಿವೆ. ಬೈರಮಂಗಲದ ಕೋಡಿಯಿಂದ ಧುಮುಕಿ ನೊರೆಯೆದ್ದ ಮೇಲೆ ಆ ನೀರು ಅರ್ಕಾವತಿ ಸೇರಿ, ಕನಕಪುರದ ಮಗ್ಗುಲಲ್ಲಿ ಹರಿದು, ಹಾರೋಬೆಲೆ ಜಲಾಶಯ ಹಾದು, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ.

ನೊರೆ ಎಲ್ಲರಿಗೂ ಕಾಣುತ್ತದೆ, ವಾಸನೆ ಎಲ್ಲರ ಮೂಗಿಗೂ ಬಡಿಯುತ್ತದೆ. ಹೀಗಾಗಿ ಇಷ್ಟು ವರ್ಷ ನಾವು ನೀರಿನ ಬಗ್ಗೆಯೇ ಮಾತಾಡಿದ್ದೇವೆ. ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸುತ್ತೇವೆ, ವರದಿ ಬರುತ್ತದೆ, ಸುದ್ದಿಯಾಗುತ್ತದೆ. ಆದರೆ ನೀರು ಈ ಕೆರೆಯಲ್ಲಿ ಕೆಲವೇ ದಿನ ನಿಂತು ಮುಂದೆ ಹೋಗುವ ಪದಾರ್ಥ. ದಶಕಗಟ್ಟಲೆ ಬಂದದ್ದರ ಲೆಕ್ಕ ಉಳಿದಿರುವುದು ತಳದ ಕೆಸರಿನಲ್ಲಿ.

ಆ ಕೆಸರಿನಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ಮೇಲೆ ನೀರು ನಿಂತ ಕೂಡಲೇ ಅಲ್ಲಿರುವ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಒಂದೆರಡು ದಿನದೊಳಗೆ ಮುಗಿಸುತ್ತವೆ. ಹೊಸದು ಅಷ್ಟು ಬೇಗ ಇಳಿದು ಬರುವುದಿಲ್ಲ. ಆದರೂ ಅವುಗಳ ಉಸಿರಾಟ ನಿಲ್ಲುವುದಿಲ್ಲ. ಆಮ್ಲಜನಕದ ಬದಲಿಗೆ ನೈಟ್ರೇಟನ್ನು ಹಿಡಿಯುತ್ತವೆ. ಅದು ತೀರಿದರೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್. ಅದೂ ಮುಗಿದ ಮೇಲೆ ಉಳಿಯುವುದು ಮೀಥೇನ್ ಹುಟ್ಟುವ ದಾರಿ. ಕೆಸರಿನಿಂದ ಬುಳುಬುಳು ಎಂದು ಗುಳ್ಳೆ ಏಳುವುದು ಆ ಹಂತದಲ್ಲಿ. ನೀರು ನಿಂತ ಮಣ್ಣಿನ ಈ ಕ್ರಮವನ್ನು ಶ್ರೀಲಂಕಾದ ಮಣ್ಣು ವಿಜ್ಞಾನಿ ಪೊನ್ನಂಪೆರುಮ, ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು 1972ರಲ್ಲಿ ಒಂದು ದೀರ್ಘ ಲೇಖನದಲ್ಲಿ ಜೋಡಿಸಿಕೊಟ್ಟರು. ಅರ್ಧ ಶತಮಾನ ಕಳೆದರೂ ಭತ್ತದ ಗದ್ದೆಗಾಗಲಿ ಕೆರೆಯ ತಳಕ್ಕಾಗಲಿ ಇಂದಿಗೂ ಅದೇ ಆಧಾರ.

ಈ ಸರಣಿಯಲ್ಲಿ ನಮ್ಮ ಸೀಮೆಗೆ ಮುಖ್ಯವಾದದ್ದು ಕಬ್ಬಿಣ. ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದ ತುಕ್ಕಿನಿಂದ. ಆ ತುಕ್ಕಿಗೆ ರಂಜಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವ ಗುಣವಿದೆ. ಆರೋಗ್ಯವಾಗಿರುವ ಕೆರೆಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ, ಬಾಯಿ ಮುಚ್ಚಿ ಮೇಲಕ್ಕೆ ಎಳೆದರೆ ಕೆಸರಿನ ಮೇಲ್ತುದಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ, ಅದರ ಕೆಳಗೆ ಬೂದು ಅಥವಾ ಕಪ್ಪು ಕೆಸರು ಕಾಣುತ್ತದೆ. ಆ ಕಂದು ಪದರ ನೀರಿನ ಆಮ್ಲಜನಕ ತಾಗುವ ಜಾಗ. ಕಬ್ಬಿಣ ಅಲ್ಲಿ ತುಕ್ಕಾಗಿ ನಿಂತು, ಕೆಳಗಿನಿಂದ ಮೇಲೇಳುವ ರಂಜಕವನ್ನು ತಡೆಯುತ್ತದೆ. ಇಂಗ್ಲೆಂಡಿನ ಸರೋವರಗಳಲ್ಲಿ ಮಾರ್ಟಿಮರ್ ಎಂಬ ವಿಜ್ಞಾನಿ ಇದನ್ನು 1941-42ರಲ್ಲೇ ತೋರಿಸಿಕೊಟ್ಟಿದ್ದರು: ನೀರಿನ ಆಮ್ಲಜನಕ ಹೋಯಿತೆಂದರೆ ಕಂದು ಪದರ ಕರಗುತ್ತದೆ, ಕಬ್ಬಿಣವೂ ರಂಜಕವೂ ಒಟ್ಟಿಗೆ ನೀರಿಗೆ ಏಳುತ್ತವೆ. ಇಡೀ ದಿನ ಕೊಳಚೆ ಬರುವ ಕೆರೆಯಲ್ಲಿ ಆ ಪದರ ಉಳಿಯುವ ಮಾತೇ ಇಲ್ಲ. ಜೊತೆಗೆ ಕೊಳಚೆಯಲ್ಲಿ ಸಲ್ಫೇಟ್ ಯಥೇಚ್ಛವಾಗಿರುತ್ತದೆ. ಅದು ಸಲ್ಫೈಡ್ ಆಗಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕೆಸರಿನ ಕಡುಕಪ್ಪು ಬಣ್ಣ ಬರುವುದು ಆ ಕಬ್ಬಿಣದ ಸಲ್ಫೈಡಿನಿಂದ, ಕೊಳೆತ ಮೊಟ್ಟೆಯ ವಾಸನೆ ಮಿಕ್ಕ ಸಲ್ಫೈಡಿನಿಂದ. ಹೀಗೆ ಕಟ್ಟಿಬಿದ್ದ ಕಬ್ಬಿಣಕ್ಕೆ ರಂಜಕ ಹಿಡಿಯುವ ಶಕ್ತಿ ಇರುವುದಿಲ್ಲ. ಸೋಪಿನ ಪುಡಿಯಿಂದ ಬಂದ ರಂಜಕ, ಮಲಮೂತ್ರದಿಂದ ಬಂದ ರಂಜಕ ಎಲ್ಲ ನೀರಿಗೆ ಮೇಲೆದ್ದು ಅಂತರಗಂಗೆಗೆ ಆಹಾರವಾಗುತ್ತದೆ.

ಲೋಹಗಳ ಕತೆ ಇದಕ್ಕೆ ತಿರುಗುಮುರುಗು. ಸತು, ತಾಮ್ರ, ಸೀಸ, ನಿಕಲ್, ಕ್ಯಾಡ್ಮಿಯಂ ಈ ಐದೂ ಸಲ್ಫೈಡಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ರೂಪಕ್ಕೆ ಹೋಗುತ್ತವೆ. ಲೇಪನದ ಘಟಕಗಳಿಂದ ಬರುವ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಅದರ ಅತಿ ವಿಷದ ರೂಪ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಮೂರು ವೇಲೆನ್ಸಿಗೆ ಇಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಅಂದರೆ ನಮಗೆ ಅಸಹ್ಯವೆನಿಸುವ ಆ ನಾರುವ ಕಪ್ಪು ಕೆಸರೇ ಲೋಹಗಳನ್ನು ಕಟ್ಟಿಹಾಕಿ ಕೂರಿಸಿದೆ. ಅದು ನೀರಿನಡಿ ಇರುವವರೆಗೆ ಲೋಹಗಳ ಬಹುಪಾಲು ಅಲ್ಲೇ ಇರುತ್ತದೆ.

ಈಗ ಅದನ್ನು ಜೆಸಿಬಿಯಿಂದ ಎತ್ತಿ, ಟ್ರ್ಯಾಕ್ಟರಿಗೆ ತುಂಬಿ, ಹೊಲದಲ್ಲಿ ಹರಡಿ ಎಂದುಕೊಳ್ಳಿ. ಒಂದು ಹಿಡಿ ಕಪ್ಪು ಕೆಸರನ್ನು ಬಿಳಿ ತಟ್ಟೆಯಲ್ಲಿಟ್ಟು ಬಿಸಿಲಿಗೆ ಬಿಟ್ಟರೆ ಸಾಕು, ಏನಾಗುತ್ತದೆಂದು ಯಾರಾದರೂ ನೋಡಬಹುದು. ಗಾಳಿ ತಾಗಿದ ಮೇಲ್ಮೈಯಿಂದ ಶುರುವಾಗಿ ಕಪ್ಪು ಬೂದಾಗುತ್ತದೆ, ಬಿರುಕು ಬಿಟ್ಟ ಅಂಚುಗಳಲ್ಲಿ ತುಕ್ಕು ಬಣ್ಣ ಕಾಣಿಸಿಕೊಳ್ಳುತ್ತದೆ, ವಾಸನೆ ಹೋಗುತ್ತದೆ. ವಾಸನೆ ಹೋಯಿತಲ್ಲ, ಮಣ್ಣು ಹದಕ್ಕೆ ಬಂತು ಎನ್ನುತ್ತಾರೆ. ನಿಜಕ್ಕೂ ಆಗಿರುವುದು ಸಲ್ಫೈಡ್ ಸುಟ್ಟು ಸಲ್ಫೇಟ್ ಆದದ್ದು. ಅದು ಹಿಡಿದಿದ್ದ ಲೋಹಗಳು ಬಿಡುಗಡೆಯಾದವು. ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟುತ್ತದೆ. ಕೆಸರಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಆಮ್ಲ ಅಲ್ಲೇ ಮುರಿಯುತ್ತದೆ, ಇಲ್ಲದಿದ್ದರೆ ಲೋಹಗಳು ಇನ್ನಷ್ಟು ಕರಗುತ್ತವೆ. ಕೇರಳದ ಕುಟ್ಟನಾಡಿನ ಕಪ್ಪು ಗದ್ದೆಗಳು ಒಣಗಿದಾಗ ಹುಳಿಯಾಗಿ ಬೆಳೆ ಕೊಲ್ಲುವುದಕ್ಕೆ ಇದೇ ಗಂಧಕದ ರಸಾಯನ ಕಾರಣ. ಬಿಡುಗಡೆಯಾದ ಲೋಹಗಳಲ್ಲಿ ಒಂದಷ್ಟನ್ನು ಕೆಂಪುಮಣ್ಣಿನ ತುಕ್ಕು ಮತ್ತೆ ಹಿಡಿಯುತ್ತದೆ, ನಿಜ. ಆದರೆ ಸತು ಮತ್ತು ಕ್ಯಾಡ್ಮಿಯಂ ಸುಲಭಕ್ಕೆ ಸಿಕ್ಕಿಬೀಳುವ ಜಾತಿಯಲ್ಲ. ಸೊಪ್ಪಿನ ಬೇರಿಗೆ ಅವು ಬೇಗ ದಕ್ಕುತ್ತವೆ.

ಇಲ್ಲೊಂದು ಹೋಲಿಕೆ ನೋಡಿ. ನಗರದ ಕಸದಿಂದ ಮಾಡಿದ ಕಾಂಪೋಸ್ಟನ್ನು ಚೀಲದಲ್ಲಿ ತುಂಬಿ ಮಾರಬೇಕೆಂದರೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಯೊಳಗಿರಬೇಕು: ಒಂದು ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕಲ್ 50, ಸೀಸ 100, ತಾಮ್ರ 300, ಸತು 1,000 ದಾಟುವಂತಿಲ್ಲ. ಐವತ್ತು ಕಿಲೋ ಚೀಲಕ್ಕೆ ಈ ನಿಯಮ. ಕೊಳಚೆ ಕೆರೆಯ ಏರಿಯಿಂದ ಹೊರಡುವ ಮೂರು ಟನ್ ಹೂಳಿನ ಟ್ರ್ಯಾಕ್ಟರನ್ನು ತಡೆದು ಇಂಥ ಪಟ್ಟಿ ಕೇಳುವವರು ಯಾರೂ ಇಲ್ಲ. ಎರಡೂ ಬೀಳುವುದು ಅದೇ ಹೊಲಕ್ಕೆ.

ಹೂಳೆತ್ತುವುದು ಬೇಡವಾದರೆ ಇನ್ನೇನು ಎಂದಾಗ ಬರುವ ಎರಡನೇ ಉತ್ತರ ಜೌಗುಭೂಮಿಯ ಮೇಲಿನ ಭಕ್ತಿ. ಜೌಗುಭೂಮಿ ಭೂಮಿಯ ಮೂತ್ರಪಿಂಡ ಎಂದು ಶಾಲೆಯ ಪಾಠದಿಂದ ಹಿಡಿದು ಭಾಷಣದವರೆಗೆ ಕೇಳುತ್ತೇವೆ. ಜೊಂಡು ಬೆಳೆಸಿ, ಗಿಡ ನೆಡಿ, ಪ್ರಕೃತಿಯೇ ತೊಳೆದುಕೊಳ್ಳುತ್ತದೆ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಸಾರಜನಕದ ಮಟ್ಟಿಗೆ ಇದು ಸತ್ಯ. ತೆಳು ನೀರಿನ ಅಂಚಿನಲ್ಲಿ, ಗಾಳಿ ತಾಗುವ ಪದರದಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಆ ನೈಟ್ರೇಟ್ ಕೆಲವೇ ಮಿಲಿಮೀಟರ್ ಕೆಳಗಿಳಿದರೆ ಆಮ್ಲಜನಕವಿಲ್ಲದ ಕೆಸರು. ಅಲ್ಲಿ ಅದು ಸಾರಜನಕ ಅನಿಲವಾಗಿ ಗಾಳಿ ಸೇರುತ್ತದೆ. ಜೊಂಡಿನ, ಭತ್ತದ ಬೇರುಗಳು ಎಲೆಯಿಂದ ಗಾಳಿಯನ್ನು ಕೆಳಗಿಳಿಸಿ ಇಂಥದೇ ಅಂಚನ್ನು ಕೆಸರಿನ ಆಳದಲ್ಲೂ ಮಾಡಿಕೊಳ್ಳುತ್ತವೆ. ಗದ್ದೆಯಿಂದ ಪೈರು ಕಿತ್ತು ಬೇರು ತೊಳೆದವರು ಕಪ್ಪು ಕೆಸರಿನಿಂದ ಬಂದ ಬೇರಿಗೆ ಕಿತ್ತಳೆ ತುಕ್ಕು ಹತ್ತಿರುವುದನ್ನು ಕಂಡಿರುತ್ತಾರೆ. ಆ ತುಕ್ಕು ಬೇರು ಬಿಟ್ಟ ಆಮ್ಲಜನಕದ ಗುರುತು. ರಾಮನಗರದ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸಿ ಚೆಲ್ಲುವ ನೀರಿನಲ್ಲಿ ರೇಷ್ಮೆಯ ಅಂಟು, ಅಂದರೆ ಪ್ರೋಟೀನ್ ಇರುತ್ತದೆ. ಅರ್ಕಾವತಿಗೆ ಸೇರುವ ಆ ಹೊಲಸನ್ನು ಅಂಚು ಉಳಿದಿರುವ ಒಂದು ಜೌಗು ಚೆನ್ನಾಗಿಯೇ ಅರಗಿಸಬಲ್ಲದು. ಕಡಿದಾದ ದಡ ಮಾಡಿ ನಾವು ಕಳೆದುಕೊಳ್ಳುವುದು ಇದನ್ನು ಎಂದು ಮೊದಲು ಹೇಳಿದ್ದು ಅದಕ್ಕೇ.

ಆದರೆ ಮೂತ್ರಪಿಂಡ ಸೋಸಿದ್ದನ್ನು ಮೈಯಿಂದ ಹೊರಗೆ ಹಾಕುತ್ತದೆ. ಕೆರೆ ಹಾಕುವುದಿಲ್ಲ. ಸಾರಜನಕಕ್ಕೆ ಗಾಳಿಗೆ ಸೇರುವ ದಾರಿ ಇದೆ. ರಂಜಕಕ್ಕೆ ಅದಿಲ್ಲ, ಸತುವಿಗೆ ಇಲ್ಲ, ಕ್ಯಾಡ್ಮಿಯಂಗೆ ಇಲ್ಲ. ಅವು ಬಂದಷ್ಟೂ ಕೂರುತ್ತವೆ. ಅಂತರಗಂಗೆ ಲೋಹ ಹೀರಿಕೊಳ್ಳುತ್ತದೆಂದು ಹೇಳಿ ಅದನ್ನು ಕಿತ್ತು ಏರಿಯ ಮೇಲೆ ರಾಶಿ ಹಾಕಿದರೆ ಒಂದು ಮಳೆಗಾಲದೊಳಗೆ ಕೊಳೆತು ಮತ್ತೆ ಅಲ್ಲಿಗೇ ಇಳಿಯುತ್ತದೆ. ಪೂರ್ವ ಕೋಲ್ಕತ್ತದ ಜೌಗುಗಳು ಊರ ಕೊಳಚೆಯಿಂದ ಮೀನು ಬೆಳೆದು 2002ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಉದಾಹರಣೆಯನ್ನು ಮುಂದಿಡುವವರಿದ್ದಾರೆ. ಆ ಮೀನುಗಾರರ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿನ ವ್ಯವಸ್ಥೆ ನಿಂತಿರುವುದು ಮುಖ್ಯವಾಗಿ ಮನೆಗಳ ಕೊಳಚೆಯ ಮೇಲೆ, ಬಿಸಿಲು ತಳದವರೆಗೆ ಇಳಿಯುವ ತೆಳು ಕೊಳಗಳ ಮೇಲೆ. ಲೇಪನದ ಘಟಕಗಳ ಆಮ್ಲ ಬೆರೆತ ವೃಷಭಾವತಿಗೆ ಆ ಮಾದರಿಯನ್ನು ಹೊಂದಿಸುವುದು ಸರಿಯಲ್ಲ.

ಮೂರನೇ ಉತ್ತರ ಶುದ್ಧೀಕರಣ ಘಟಕ. ಘಟಕ ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಘಟಕದಿಂದ ಹೊರಬಂದ ನೀರು ಪಾಸಾಗುವುದು ಯಾವುದರಲ್ಲಿ? ಮುಖ್ಯವಾಗಿ ಬಿಒಡಿಯಲ್ಲಿ. ನೀರನ್ನು ಬಾಟಲಿಯಲ್ಲಿ ಮುಚ್ಚಿ, ನಮ್ಮ ದೇಶದ ಪದ್ಧತಿಯಂತೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಜೀವಿಗಳು ಎಷ್ಟು ಆಮ್ಲಜನಕ ಕುಡಿದವು ಎಂದು ನೋಡುವ ಪರೀಕ್ಷೆ ಅದು. ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಕೊಳಚೆ ಶುದ್ಧೀಕರಣ ಘಟಕಗಳಿಗೆ ನಾಲ್ಕು ಮಾನದಂಡ ಇಟ್ಟಿತು: ಪಿಎಚ್, ಬಿಒಡಿ, ತೇಲುವ ಘನವಸ್ತು, ಮಲಜನ್ಯ ಕೋಲಿಫಾರ್ಮ್. ಅದರಲ್ಲಿ ರಂಜಕ ಇರಲಿಲ್ಲ, ಸಾರಜನಕ ಇರಲಿಲ್ಲ, ಒಂದೇ ಒಂದು ಲೋಹ ಇರಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ ಸಾರಜನಕ, ರಂಜಕ ಸೇರಿಸಲು ಹೇಳಿತು. ಕೆಸರಿಗೆ ಇಂದಿಗೂ ಮಾನದಂಡವಿಲ್ಲ. ಕೋಲಾರದ ಲಕ್ಷ್ಮೀಸಾಗರ ಕೆರೆಗೆ 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಹೋದ ಶುರುವಿನಲ್ಲೇ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಯಿತು. ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರನ್ನೂ ಬೇರೆ ಕೆರೆಗಳಿಗೆ ಒಯ್ಯುವ ಯೋಜನೆ ನಡೆದಿದೆ. ನೀರಿಲ್ಲದ ಸೀಮೆಗೆ ನೀರು ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಹೊಸ ಕೆರೆಗೆ ನೀರು ಬಿಡುವ ದಿನವೇ ಅದರ ತಳದ ಮಣ್ಣನ್ನು ಒಮ್ಮೆ ಪರೀಕ್ಷಿಸಿ ದಾಖಲಿಸದಿದ್ದರೆ, ಇಪ್ಪತ್ತು ವರ್ಷದ ಮೇಲೆ ಅದು ಇನ್ನೊಂದು ಬೈರಮಂಗಲ ಆಗಿದೆಯೋ ಇಲ್ಲವೋ ಎಂದು ಯಾರಿಗೂ ಹೇಳಲು ಬರುವುದಿಲ್ಲ.

ನಾಲ್ಕನೆಯದು ಬೈರಮಂಗಲಕ್ಕೇ ಮೀಸಲಾದದ್ದು: ಕೊಳಚೆಯನ್ನು ಕೆರೆಯ ಪಕ್ಕದಲ್ಲಿ ಕಾಲುವೆ ತೋಡಿ ಕೆಳಕ್ಕೆ ದಾಟಿಸಿಬಿಡುವುದು, ಕೆರೆಯಲ್ಲಿ ಮಳೆನೀರು ಮಾತ್ರ ನಿಲ್ಲಿಸುವುದು. ಕೇಳಲು ಚೆನ್ನಾಗಿದೆ. ಕೆರೆಯ ಊರುಗಳವರು ಇದನ್ನು ಬಯಸಿದರೆ ನಾನು ತಪ್ಪು ಹೇಳಲಾರೆ. ಅಷ್ಟು ವರ್ಷ ಆ ವಾಸನೆಯಲ್ಲಿ, ಆ ಸೊಳ್ಳೆಯಲ್ಲಿ ಬದುಕಿದವರು ಅವರು. ಆದರೆ ಎರಡು ವಿಷಯ ಯೋಚಿಸಬೇಕು. ಇಷ್ಟು ದಿನ ಬೈರಮಂಗಲದ ಕೆಸರು ಹಿಡಿದಿಟ್ಟ ಲೋಹ ಮತ್ತು ರಂಜಕ ಇನ್ನು ಎಲ್ಲಿ ಕೂರಬೇಕು? ಕನಕಪುರದ ಅರ್ಕಾವತಿಯ ಮಡುಗಳಲ್ಲಿ, ಹಾರೋಬೆಲೆಯ ತಳದಲ್ಲಿ. ಕಾಲುವೆ ಹೊಲಸನ್ನು ಕಡಿಮೆ ಮಾಡುವುದಿಲ್ಲ, ತಾಲ್ಲೂಕು ಬದಲಿಸುತ್ತದೆ. ಇನ್ನೊಂದು, ಕೊಳಚೆ ನಿಂತ ಮೇಲೂ ಹಳೆಯ ಕೆಸರು ಅಲ್ಲೇ ಇರುತ್ತದೆ. ಮೇಲೆ ಶುದ್ಧ ಮಳೆನೀರು ನಿಂತರೂ ಕೆಳಗಿನಿಂದ ರಂಜಕ ವರ್ಷಗಟ್ಟಲೆ ಏಳುತ್ತಲೇ ಇರುತ್ತದೆ. ಅಮೆರಿಕದ ಮಿನ್ನೆಸೋಟದ ಶಗಾವಾ ಸರೋವರಕ್ಕೆ ಹೋಗುತ್ತಿದ್ದ ಕೊಳಚೆಯ ರಂಜಕವನ್ನು 1973ರಲ್ಲಿ ಬಹುಪಾಲು ತಡೆದರು. ಸರೋವರ ನಿರೀಕ್ಷಿಸಿದಷ್ಟು ಬೇಗ ತಿಳಿಯಾಗಲಿಲ್ಲ. ಬೇಸಿಗೆ ಬೇಸಿಗೆಗೂ ಕೆಸರೇ ರಂಜಕ ಕೊಡುತ್ತಿತ್ತು. ನಮ್ಮ ಕೆರೆಗೆ ಅದಕ್ಕಿಂತ ದೊಡ್ಡ ಕಷ್ಟವಿದೆ: ಬೇಸಿಗೆಯಲ್ಲಿ ನೀರು ಬತ್ತಿ ಅಂಗಳ ಬಿರುಕು ಬಿಟ್ಟರೆ ಸಲ್ಫೈಡ್ ಸುಡುವ ಕ್ರಿಯೆ ಕೆರೆಯೊಳಗೇ ಶುರುವಾಗುತ್ತದೆ, ಮೊದಲ ಮಳೆ ಬಿಡುಗಡೆಯಾದ ಲೋಹವನ್ನು ತೊಳೆದು ತೂಬಿಗೆ ತರುತ್ತದೆ.

ಹಾಗಾದರೆ ಹೂಳು ಎತ್ತಲೇಬಾರದೇ? ಎತ್ತಬಹುದು, ಕ್ರಮ ತಿಳಿದಿರಬೇಕು. ಸ್ವೀಡನ್ನಿನ ವೆಕ್ಷೊ ಊರಿನ ಟ್ರುಮ್ಮೆನ್ ಸರೋವರವೂ ಊರಿನ ಕೊಳಚೆ ಕುಡಿದು ಹಾಳಾಗಿತ್ತು. ಅಲ್ಲಿ 1950ರ ದಶಕದ ಕೊನೆಗೆ ಕೊಳಚೆಯನ್ನು ಪೂರ್ತಿ ನಿಲ್ಲಿಸಿದರು. ಹತ್ತು ವರ್ಷ ಕಳೆದರೂ ಸರೋವರ ಚೇತರಿಸಲಿಲ್ಲ. ಆಗ ಲುಂಡ್ ವಿಶ್ವವಿದ್ಯಾಲಯದವರು ಕೆಸರನ್ನು ಪದರ ಪದರವಾಗಿ ಓದಿ, ಕೊಳಚೆಯ ಕಾಲದ ಮೇಲ್ಪದರ ಎಷ್ಟು ದಪ್ಪವಿದೆ ಎಂದು ತಿಳಿದುಕೊಂಡು, 1970 ಮತ್ತು 1971ರಲ್ಲಿ ಅಷ್ಟನ್ನೇ, ಸುಮಾರು ಒಂದು ಮೀಟರ್, ಹೀರಿ ತೆಗೆದರು. ಕೆಸರನ್ನು ಕೊಳಗಳಲ್ಲಿ ತಂಗಿಸಿ, ಅದರಿಂದ ಬಸಿದ ನೀರಿಗೆ ಅಲ್ಯೂಮಿನಿಯಂ ಸಲ್ಫೇಟ್ ಹಾಕಿ ರಂಜಕ ಇಳಿಸಿಯೇ ಸರೋವರಕ್ಕೆ ಮರಳಿಸಿದರು. ಟ್ರುಮ್ಮೆನ್ ತಿಳಿಯಾಯಿತು. ಹೂಳೆತ್ತಿದರೆ ಕೆರೆ ಬದುಕುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಆದರೆ ಆ ಸಾಕ್ಷಿ ಹೇಳುವುದು ಪೂರ್ತಿ ಕೇಳಬೇಕು: ಮೊದಲು ಕೊಳಚೆ ನಿಂತಿತ್ತು, ಆಮೇಲೆ ಕೆಸರಿನ ಪರೀಕ್ಷೆ ನಡೆದಿತ್ತು, ಯಂತ್ರ ಬಂದದ್ದು ಕೊನೆಗೆ. ನಮ್ಮಲ್ಲಿ ಯಂತ್ರವೇ ಮೊದಲು ಬರುತ್ತದೆ.

ಕಾನೂನು ನೆರವಿಗೆ ಬರಬಹುದೇ ಎಂದರೆ ಅಲ್ಲೂ ತೊಡಕು. 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ ರಚನೆಗಳನ್ನು, ಕುಡಿಯುವ ನೀರಿಗೆಂದು ಮಾಡಿದ ಜಲಾಶಯಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಬೈರಮಂಗಲವೂ ಹೊರಗೆ, 1946ರಲ್ಲಿ ಮುಗಿದ ಚನ್ನಪಟ್ಟಣದ ಕಣ್ವವೂ ಹೊರಗೆ, ಬೆಂಗಳೂರಿಗೆ ನೀರು ಕೊಡಲೆಂದು 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿಯೂ ಹೊರಗೆ. ನಮ್ಮ ಸೀಮೆಯಲ್ಲಿ ಮನುಷ್ಯ ಕಟ್ಟದ ಕೆರೆ ಹುಡುಕಿದರೂ ಸಿಗುವುದು ಕಷ್ಟ. ಇದು ದಿಲ್ಲಿಯಲ್ಲಿ ಕೂತು ಬರೆದ ನಿಯಮ, ದಕ್ಷಿಣದ ಕೆರೆ ಸೀಮೆಯನ್ನು ಕಂಡು ಬರೆದದ್ದಲ್ಲ. ಕಬ್ಬಿಣಕ್ಕೂ ಗಂಧಕಕ್ಕೂ ಏರಿ ಕಟ್ಟಿದವರು ಯಾರು ಎಂಬುದು ಮುಖ್ಯವಲ್ಲ. ನೀರು ನಿಂತ ಮಣ್ಣು ಎಲ್ಲೇ ಇದ್ದರೂ ಒಂದೇ ರೀತಿ ನಡೆದುಕೊಳ್ಳುತ್ತದೆ.

ಅಚ್ಚುಕಟ್ಟಿನ ಮಾತು ಇನ್ನೂ ಬಾಕಿ ಇದೆ, ಅದೇ ನನಗೆ ಹೆಚ್ಚು ಚಿಂತೆಯದ್ದು. ಕೊಳಚೆ ನೀರು ಬೈರಮಂಗಲದ ರೈತರಿಗೆ ವರ್ಷವಿಡೀ ನಂಬಿಕೆಯ ನೀರು. ಮಳೆ ಕೈಕೊಟ್ಟರೂ ಬೆಂಗಳೂರು ಕೈಕೊಡುವುದಿಲ್ಲ. ಕೊಳಚೆಯಲ್ಲಿ ಸಾರಜನಕ ಅತಿಯಾಗಿ, ಭತ್ತ ಹುಲುಸಾಗಿ ಎದ್ದು ಮಲಗುತ್ತದೆ, ಕಾಳು ಜೊಳ್ಳಾಗುತ್ತದೆ. ಭತ್ತ ಬಿಟ್ಟು ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ, ತೆಂಗಿಗೆ ಅವರು ಹೊರಳಿದ್ದು ಬೇಸಾಯಗಾರರ ವಿವೇಕ. ವೃಷಭಾವತಿ ನೀರು ಹಾಯುವ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹ ಇರುವುದನ್ನು ಸಂಶೋಧಕರು ಹಲವು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. ಆದರೆ ಭತ್ತದಿಂದ ಒಣಬೆಳೆಗೆ ಹೊರಳಿದಾಗ ಮಣ್ಣಿನೊಳಗೆ ಆದ ಬದಲಾವಣೆಯ ಬಗ್ಗೆ ಮಾತು ನಡೆದದ್ದು ಕಡಿಮೆ. ನೀರು ನಿಂತ ಗದ್ದೆಯಲ್ಲಿ ಕ್ಯಾಡ್ಮಿಯಂ ಸಲ್ಫೈಡಿನ ಜೊತೆ ಅಡಗಿರುತ್ತದೆ. ಗದ್ದೆ ಒಣಗಿದಾಗ ಬೇರಿಗೆ ಸಿಗುತ್ತದೆ. ಜಪಾನಿನ ಜಿಂಝು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆ ಸೇರಿ, ಅಕ್ಕಿ ಸೇರಿ, ಹೆಂಗಸರ ಮೂಳೆ ಮುರಿಯುವ ಇತಾಯಿ-ಇತಾಯಿ ರೋಗವಾಯಿತು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ. ಗದ್ದೆಯ ಮಣ್ಣನ್ನೇ ಬದಲಿಸುವ ಕೆಲಸ ಮೂರು ದಶಕ ಮೀರಿ ನಡೆದು 2012ರಲ್ಲಿ ಮುಗಿಯಿತು. ಅಂಥ ಕಡೆಗಳಲ್ಲಿ ತೆನೆ ಬರುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಿ ಎಂದು ರೈತರಿಗೆ ಹೇಳುವುದು ಈ ಕಾರಣಕ್ಕೇ. ಬೈರಮಂಗಲದಲ್ಲಿ ಹಾಗೆ ಆಗಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಮಣ್ಣು ನೀರಿನಡಿ ಒಂದು ಥರ, ಗಾಳಿಯಲ್ಲಿ ಇನ್ನೊಂದು ಥರ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಅಲ್ಲಿನ ಹುಲ್ಲು, ಹಾಲು, ಸೊಪ್ಪಿನ ಬಗ್ಗೆ ಭರವಸೆ ಕೊಡುವುದಾಗಲಿ ಭಯ ಹುಟ್ಟಿಸುವುದಾಗಲಿ ಎರಡೂ ತಪ್ಪು ಎನ್ನುತ್ತಿದ್ದೇನೆ.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ಈ ಜಿಲ್ಲೆಯಲ್ಲಿ ಬಿಡದಿ ಉಪನಗರ ಯೋಜನೆಯ ನಕ್ಷೆಯೊಳಗೆ ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ಊರುಗಳಿವೆ, ರೈತರು ಹೋರಾಟದಲ್ಲಿದ್ದಾರೆ. ಭೂಮಿ ಯಾರಿಗೆ ಎಂಬ ಪ್ರಶ್ನೆ ಹೇಗೇ ಬಗೆಹರಿಯಲಿ, ಆ ಕೆರೆಯ ಕೆಸರಿಗೆ ಯಂತ್ರ ಇಳಿಸುವ ಒತ್ತಡ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಯೂ ನೀರಾವರಿ ಇಲಾಖೆಯೂ ಸೇರಿ ಕೆರೆಯ ನೀರು ಬರುವ ತುದಿ, ನಡು, ಏರಿಯ ಬುಡ ಮೂರೂ ಕಡೆಯಿಂದ ಕೊಳವೆಯಲ್ಲಿ ಆಳದವರೆಗೆ ಕೆಸರು ತೆಗೆಸಬೇಕು. ಹಸಿಯಾಗಿದ್ದಾಗ ಒಮ್ಮೆ, ಕೆಲವು ವಾರ ಒಣಗಿಸಿ ನೆನೆಸಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಒಟ್ಟು ಲೋಹ ಎಷ್ಟು ಎಂಬ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಗಾಳಿ ತಾಗಿದ ಮೇಲೆ ಎಷ್ಟು ಬಿಡುಗಡೆಯಾಗುತ್ತದೆ ಎಂಬುದು ತಿಳಿಯಬೇಕು. ಫಲಿತಾಂಶವನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕು, ಬೈರಮಂಗಲದಲ್ಲಿ ಹಚ್ಚಿದ್ದನ್ನೇ ಹಾರೋಬೆಲೆಯಲ್ಲೂ ಹಚ್ಚಬೇಕು. ಈಗಾಗಲೇ ಈ ಕೆರೆಯ ಹೂಳು ಬಿದ್ದ ಹೊಲಗಳಿದ್ದರೆ ಅವುಗಳ ಮಣ್ಣನ್ನು ಸರ್ಕಾರದ ಖರ್ಚಿನಲ್ಲೇ ಪರೀಕ್ಷಿಸಬೇಕು. ಮೇಲಿನ ಊರಿನ ಹೊಲಸಿಗೆ ಕೆಳಗಿನ ಊರಿನ ರೈತ ಪ್ರಯೋಗಾಲಯದ ಶುಲ್ಕ ಕಟ್ಟುವ ಹಾಗಿರಬಾರದು. ಇಷ್ಟು ಆಗುವವರೆಗೆ ಬೈರಮಂಗಲದ ಅಂಗಳದಿಂದ ಒಂದು ಟ್ರ್ಯಾಕ್ಟರ್ ಹೂಳೂ ಹೊಲಕ್ಕೆ ಹೋಗಕೂಡದು.